ಹದಿನೇಳನೆಯವನು ಇನ್ನೂ ಮೇಲೆ ಬಂದಿಲ್ಲ

ಟಿಕ್.

ಅಷ್ಟೇ. ಸಾಸಿವೆಗಿಂತ ದೊಡ್ಡದಲ್ಲದ ಏನೋ ಒಂದು ಮರದ ನೆಲಕ್ಕೆ ಬಿದ್ದ ಸದ್ದು. ಶನಿವಾರ ರಾತ್ರಿ ಹನ್ನೆರಡು ಹೊಡೆದು ಹೋಗಿತ್ತು. ನಾನು ಕತ್ತಲಲ್ಲಿ ಒಂದು ಬೆಟ್ಟದ ಮೇಲೆ ಮೊಣಕೈ ಊರಿ, ಅದರಾಚೆಯ ಗೋಡೆಯಲ್ಲಿದ್ದ ಸ್ವಿಚ್ಚಿಗಾಗಿ ಕೈ ಚಾಚಿದ್ದೆ.

ಬೆಟ್ಟ ನನ್ನ ಗಂಡ ಎಲ್ವಿನ್‌ನದು. ಪ್ಲಾಸ್ಟರಿನ ಬೆಟ್ಟ; ಅದರ ಮೇಲಿನ ಕುರುಚಲು ಗಿಡವೆಲ್ಲ ನಾವು ಕುಡಿದು ಬಿಟ್ಟ ಚಹಾದ ಸೊಪ್ಪು. ಸ್ವಿಚ್ಚು ಅವನ ಆಟಿಕೆ ರೈಲಿನ ಟ್ರಾನ್ಸ್‌ಫಾರ್ಮರಿನದು. ಆಟಿಕೆ ಎನ್ನಬಾರದು, ಆ ಪದ ನಮ್ಮ ಮನೆಯಲ್ಲಿ ನಿಷಿದ್ಧ. ಮಾದರಿ ರೈಲು. ಆ ಟ್ರಾನ್ಸ್‌ಫಾರ್ಮರು ಒಂದು ರಾತ್ರಿ ನಮ್ಮಿಬ್ಬರನ್ನೂ ನಿದ್ದೆಯಲ್ಲೇ ಸುಟ್ಟುಹಾಕುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕೇ ಎಲ್ವಿನ್ ಅದನ್ನು ಆರಿಸಿ ಬಂದು ಮಲಗಿ ಗೊರಕೆ ಹೊಡೆಯತೊಡಗಿದ ಮೇಲೆ ನಾನೊಮ್ಮೆ ಹೋಗಿ ನೋಡಿ ಬರುತ್ತೇನೆ. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಆರಿಸಲು ಮರೆತಿರಲಿಲ್ಲ. ಹಾಗೆಂದು ನೋಡದೆ ಇರಲಾದೀತೆ?

ದೀಪ ಹಾಕಿದರೆ ಅವನು ಏಳುತ್ತಾನೆ. ಮಂಡಿಯೂರಿ ನೆಲವನ್ನೆಲ್ಲ ಅಂಗೈಯಿಂದ ಸವರಿದೆ. ಏನೂ ಸಿಗಲಿಲ್ಲ. ಏನೂ ಸಿಗದ ಮೇಲೆ ಏನೂ ಬಿದ್ದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಗುಲಾಬಿ ಉಣ್ಣೆಯ ನಿಲುವಂಗಿಯನ್ನು ಬಚ್ಚಲಮನೆಯ ಬಾಗಿಲ ಹಿಂದೆ ತೂಗುಹಾಕಿ ಮಲಗಿದೆ. ನಿದ್ದೆ ಬರಲಿಲ್ಲ. ಬೆಳಗಾದರೆ ಅಪ್ಪ ಬರುವವರಿದ್ದರು.

ನಮ್ಮ ಕೂಮ್‌ಗಾರನ್ ಕಣಿವೆಯಲ್ಲಿ ಲೇಡಿ ಆಡ್ರಿ ಕಲ್ಲಿದ್ದಲು ಗಣಿ ಮುಚ್ಚಿ ಇಪ್ಪತ್ತೈದು ವರ್ಷವಾಯಿತು. ಗಣಿಗೆ ಇಳಿಯುವ ಬಾವಿಗೆ ಕಾಂಕ್ರೀಟು ಸುರಿದರು, ಬಾವಿಯ ಮೇಲಿನ ದೊಡ್ಡ ಗಾಲಿಯನ್ನು ಗುಜರಿಗೆ ಕೊಟ್ಟರು, ಅಂಗಳದಲ್ಲಿ ಈಗ ಸೋಫಾ ಮಾರುತ್ತಾರೆ. ಉಳಿದಿರುವುದು ಗಣಿಯವರ ಭವನ, ಅದರ ಸಮಿತಿ, ಸಮಿತಿಯ ಕಾರ್ಯದರ್ಶಿ ಐವರ್ ಮೆರಿಕ್. ಭವನದ ಮುಂದಿನ ಕೋಣೆಯಲ್ಲಿ ಗಣಿಯ ನೆನಪಿಗೆ ಏನಾದರೂ ಇಡಬೇಕೆಂದು ಸಮಿತಿ ಒಂಬತ್ತು ವರ್ಷದಿಂದ ಚರ್ಚಿಸುತ್ತಿದೆ. ಎಲ್ವಿನ್ ತನ್ನ ಮಾದರಿಯನ್ನು ಕೊಡುತ್ತೇನೆಂದ. ಐವರ್ ತಲೆ ಕೆರೆದುಕೊಂಡ.

"ಹೇಡನ್ ಪ್ಯೂ ಬಂದು ನೋಡ್ಲಿ. ಅವನು ಸರಿ ಅಂದ್ರೆ ಸೋಮವಾರದ ಮೀಟಿಂಗಲ್ಲೇ ಗಾಜಿನ ಪೆಟ್ಟಿಗೆಗೆ ಹೇಳ್ತೀವಿ. ಅವನು ಮೂಗು ಮುರಿದ್ರೆ ನಿನ್ನ ಬೆಟ್ಟ ನಿನ್ನ ಹತ್ರಾನೇ ಇರ್ಲಿ."

ಹೇಡನ್ ಪ್ಯೂ ನನ್ನ ಅಪ್ಪ. ಎಂಬತ್ತಾರು ವರ್ಷ. ಮೂವತ್ತಮೂರು ವರ್ಷ ಲೇಡಿ ಆಡ್ರಿಯ ದೀಪದ ಕೋಣೆಯಲ್ಲಿದ್ದವರು. ಕೆಳಗಿಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕೊಡಬೇಕು, ಅಪ್ಪ ಅವನಿಗೆ ದೀಪ ಕೊಟ್ಟು ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಬೇಕು. ಮೇಲೆ ಬಂದವನು ದೀಪ ಒಪ್ಪಿಸಿ ಬಿಲ್ಲೆ ಒಯ್ಯುತ್ತಾನೆ. ಮೊಳೆಯಲ್ಲಿ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ದೀಪದವನು ಮನೆಗೆ ಹೋಗುವಂತಿಲ್ಲ. ನಾನು ಹುಟ್ಟಿದ ರಾತ್ರಿ ಒಂದು ಬಿಲ್ಲೆ ಉಳಿದಿತ್ತು. ಅದರ ಒಡೆಯ ಗಣಿಯ ಕೆಳಗೆ, ಬಂಡಿ ಎಳೆಯುವ ಕುದುರೆಗಳ ಲಾಯದಲ್ಲಿ ಹುಲ್ಲಿನ ಮೇಲೆ ಒರಗಿದವನು ಹಾಗೇ ನಿದ್ದೆ ಹೋಗಿದ್ದನಂತೆ. ಅಪ್ಪ ನನ್ನನ್ನು ನೋಡಿದ್ದು ಮಾರನೆಯ ದಿನ ಮಧ್ಯಾಹ್ನ. ಅಮ್ಮ ಸಾಯುವವರೆಗೂ ಆ ಮನುಷ್ಯನ ಹೆಂಡತಿಯೊಡನೆ ಮಾತಾಡಲಿಲ್ಲ.

ಎಲ್ವಿನ್ ಅದೇ ಗಣಿಯ ಸಂಬಳದ ಕಚೇರಿಯಲ್ಲಿ ಏಳು ವರ್ಷ ಗುಮಾಸ್ತನಾಗಿದ್ದ. ನೆಲದ ಮೇಲೆ, ಪರದೆ ಇಳಿಬಿಟ್ಟ ಕಿಟಕಿಯ ಹಿಂದೆ. ನಮ್ಮ ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಅಪ್ಪ ಅವನ ಹೆಸರು ಹಿಡಿದು ಕರೆದವರಲ್ಲ. "ನಿನ್ನ ಗುಮಾಸ್ತ ಹೇಗಿದ್ದಾನೆ?" ಎಂದು ನನ್ನನ್ನು ಕೇಳುತ್ತಾರೆ. ಗುಮಾಸ್ತ ಎದುರಿಗೇ ನಿಂತು ಅವರ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಿರುತ್ತಾನೆ. "ಚೆನ್ನಾಗಿದೀನಿ, ಮಿಸ್ಟರ್ ಪ್ಯೂ" ಎಂದು ಅವನೂ ನನ್ನ ಮುಖ ನೋಡಿಯೇ ಉತ್ತರಿಸುತ್ತಾನೆ.

ಎಂದೂ ಗಣಿಗೆ ಇಳಿಯದ ಈ ಮನುಷ್ಯ ನಿವೃತ್ತನಾದ ಮಾರನೆಯ ದಿನ ಮಹಡಿಯ ಖಾಲಿ ಕೋಣೆಯಲ್ಲಿ ಗಣಿ ತೆಗೆಯಲು ಕೂತ. ಕಲ್ಲಿದ್ದಲನ್ನು ನನ್ನ ಮೆಣಸು ಬೀಸುವ ಗಿರಣಿಯಲ್ಲಿ ಪುಡಿಮಾಡಿ, ನನ್ನ ಚಹಾ ಸೋಸುಕದಲ್ಲಿ ಜರಡಿ ಹಿಡಿದು, ದಪ್ಪ, ಸಣ್ಣ, ಧೂಳು ಎಂದು ಮೂರು ಬಾಟಲಿಗಳಲ್ಲಿ ತುಂಬಿದ. ಒಂದು ಚಳಿಗಾಲವಿಡೀ ನಮ್ಮ ಸೂಪಿನಲ್ಲಿ ಲೇಡಿ ಆಡ್ರಿಯ ರುಚಿ. ಧೂಳು ಹಾರದಿರಲೆಂದು ನನ್ನ ಕೂದಲಿಗೆ ಹೊಡೆಯುವ ಸ್ಪ್ರೇಯನ್ನು ವ್ಯಾಗನ್ನುಗಳಿಗೆ ಹೊಡೆದ. ಲಿಫ್ಟಿನ ಹಗ್ಗಕ್ಕೆ ನನ್ನ ಕಾಲುಚೀಲದ ಎಳೆ. ಒಂದು ಸಂಜೆ ಅಂಗಿಯ ತೋಳು ಬೆಟ್ಟಕ್ಕೆ ಅಂಟಿಕೊಂಡು, ನಾನು ಊಟವನ್ನು ಮೇಲಕ್ಕೆ ಒಯ್ದು ತಿನ್ನಿಸಬೇಕಾಯಿತು. ಇಂಚಿಗೂ ಕಮ್ಮಿ ಎತ್ತರದ ನಲವತ್ತು ಜನರನ್ನು ಒಬ್ಬೊಬ್ಬರನ್ನಾಗಿ ಬಣ್ಣ ಹಚ್ಚಿ ನಿಲ್ಲಿಸಿದ. ಪ್ರತಿಯೊಬ್ಬನಿಗೂ ನಂಬರು, ಪ್ರತಿ ನಂಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು.

ಕೊನೆಗೆ ದೀಪದ ಕೋಣೆ. ಅದರ ಕಿಟಕಿಯೊಳಗೆ ಹಲಗೆ, ಹಲಗೆಯ ಮೇಲೆ ಹಿತ್ತಾಳೆ ಗುಂಡುಸೂಜಿಯ ತಲೆ ಕತ್ತರಿಸಿ ಮಾಡಿದ ನಲವತ್ತು ಬಿಲ್ಲೆ. ಪಾಳಿ ಮುಗಿದಿದೆ, ಎಲ್ಲರೂ ಮೇಲೆ ಬಂದಿದ್ದಾರೆ, ಮೊದಲನೆಯವನು ಇನ್ನೇನು ದೀಪ ಒಪ್ಪಿಸಬೇಕು ಎಂಬ ಗಳಿಗೆ. ಅದನ್ನು ಮಾಡಲು ಮೂರು ತಿಂಗಳು ಹಿಡಿಯಿತು. ಅದು ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಭಾನುವಾರ ಕುರಿಮಾಂಸದ ಊಟ ಮುಗಿಸಿ ಅಪ್ಪ ಮಹಡಿ ಹತ್ತಿದರು. ವೇಸ್ಟ್‌ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದರು. ಪತ್ರಿಕೆಯಲ್ಲಿ ಯಾರು ತೀರಿಕೊಂಡರೆಂದು ಓದಲು ಇಟ್ಟುಕೊಂಡದ್ದು ಅದು.

"ಇದ್ದಲು ಯಾರ ಮನೇದು?"

"ನಿಮ್ದೇ, ಮಿಸ್ಟರ್ ಪ್ಯೂ. ನಿಮ್ಮ ಶೆಡ್ಡಲ್ಲಿದ್ದ ಕೊನೇ ಮೂಟೇದು. ನೆಸ್ಟಾ ತಂದ್ಲು."

"ನನ್ನನ್ನ ಕೇಳಿದ ನೆನಪಿಲ್ಲ." ಅಪ್ಪ ವ್ಯಾಗನ್ನಿಗೆ ಬಗ್ಗಿದರು. "ಕದ್ದ ಇದ್ದಲು. ಹಾಗಾದ್ರೆ ಅಷ್ಟು ಸರಿಯಿದೆ."

ಎಲ್ವಿನ್ ನನ್ನತ್ತ ನೋಡಿ ಉಸಿರು ಬಿಟ್ಟ.

"ಇವರೆಲ್ಲಾ ಯಾಕೆ ಒಂದೇ ಕಡೆ ನೋಡ್ತಿದಾರೆ? ರಾಣಿ ಬರ್ತಿದಾಳಾ?"

"ಶುಕ್ರವಾರ, ಮಿಸ್ಟರ್ ಪ್ಯೂ. ಸಂಬಳದ ಕಿಟಕಿ ಕಡೆ ನೋಡ್ತಿದಾರೆ."

"ನಿನ್ನ ಗುಮಾಸ್ತ ತನ್ನ ಕಿಟಕೀನ ಸೂರ್ಯ ಅಂದ್ಕೊಂಡಿದಾನೆ, ನೆಸ್ಟಾ." ಭೂತಗನ್ನಡಿ ಸಾಲುಮನೆಗಳ ಹಿತ್ತಿಲಿಗೆ ಹೋಯಿತು. "ಬಟ್ಟೆ ಒಣಹಾಕಿದಾರೆ. ಹೊಗೆ ಯಾವ ಕಡೆಗೆ?"

"ಪೂರ್ವಕ್ಕೆ."

"ಬಟ್ಟೆ ಪೂರ್ವದಲ್ಲೇ ಇದೆ."

"ಹೌದು. ಅದಕ್ಕೇ ಬಿಳೀದಕ್ಕೆಲ್ಲಾ ಬೂದು ಬಣ್ಣ ಹಚ್ಚಿದೀನಿ."

ಅಪ್ಪನ ಗಂಟಲಲ್ಲಿ ಒಂದು ಸದ್ದಾಯಿತು. ಐವತ್ತೈದು ವರ್ಷದಿಂದ ಅವರ ಮಗಳಾಗಿದ್ದೇನೆ. ಅದು ನಗೆಯ ಹತ್ತಿರದ ಸಂಬಂಧಿ ಎಂದು ನಾನು ಪ್ರಮಾಣ ಮಾಡಬಲ್ಲೆ. ಎಲ್ವಿನ್‌ನ ಕಿವಿ ಕೆಂಪಾಯಿತು.

ಆಮೇಲೆ ದೀಪದ ಕೋಣೆ. ಅಪ್ಪ ಹಲಗೆಯ ಮೇಲೆ ಕಣ್ಣಿಟ್ಟು ತುಟಿ ಅಲ್ಲಾಡಿಸುತ್ತ ಎಣಿಸಿದರು. ನಲವತ್ತು. ನಂತರ ಅಂಗಳದಲ್ಲಿದ್ದವರನ್ನು, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಎಣಿಸಿದರು. ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು.

"ಒಬ್ಬ ಕಮ್ಮಿ."

ಎಲ್ವಿನ್ ನಕ್ಕ. ಯಾರೂ ಜತೆಗೂಡದ್ದನ್ನು ನೋಡಿ ನಗು ನಿಲ್ಲಿಸಿ ನೋಟ್‌ಬುಕ್ಕು ತಂದ. ಒಂದೊಂದು ಸಾಲಿಗೂ ಆಳನ್ನು ತಾಳೆ ಹಾಕಿದ. "ಹದಿನೇಳು," ಎಂದ. "ಟೋಪಿ ಹಿಂದಕ್ಕೆ ಸರಿಸಿ ಗೋಡೆಗೆ ಒರಗಿದೋನು. ನಿನ್ನೆ ಮಲಗೋಕೆ ಮುಂಚೆ ತಾನೇ ಚೂರು ಪಕ್ಕಕ್ಕೆ ಕಿತ್ತು ಅಂಟಿಸಿದ್ದೆ. ಗೋಂದು ಇನ್ನೂ ಹಸಿ ಇತ್ತು."

ಅಪ್ಪ ಎಂಬತ್ತಾರು ವರ್ಷದ ಮಂಡಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ ಮೇಜಿನಡಿ ತೂರಿದರು. ಹೊರಬಂದಾಗ ಅವರ ತೋರುಬೆರಳ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಹಿತ್ತಾಳೆಯ ಚೂರು ಹೊಳೆಯುತ್ತಿತ್ತು.

"ದೀಪ ಇದೆ," ಎಂದರು. "ಆಳಿಲ್ಲ."

ಕುರ್ಚಿ ಎಳೆದು ದೀಪದ ಕೋಣೆಯ ಮುಂದೆ ಹಾಕಿಕೊಂಡು ಕೂತರು.

"ಅಪ್ಪಾ, ಅದು ಪ್ಲಾಸ್ಟಿಕ್ಕು."

"ಬಿಲ್ಲೆ ಹಿತ್ತಾಳೆ."

ಟಿಕ್ ಎಂದದ್ದು ಏನೆಂದು ನನಗೆ ಆಗ ತಿಳಿಯಿತು. ಆಗಲೇ ಹೇಳಿಬಿಡಬಹುದಿತ್ತು. "ಅಪ್ಪಾ, ನಿನ್ನೆ ರಾತ್ರಿ" ಎಂದು ಬಾಯಿ ತೆರೆದೂ ತೆರೆದೆ. "ರಾತ್ರಿ ಪಾಳಿಯವರ ಲೆಕ್ಕ ಬೇರೆ" ಎಂದರು ಅಪ್ಪ. ಅಷ್ಟರಲ್ಲಿ ಎಲ್ವಿನ್ ನನ್ನನ್ನು ನೋಡಿದ. ಹದಿನಾಲ್ಕು ತಿಂಗಳಿಂದ ಪ್ರತಿ ರಾತ್ರಿ ಅವನ ಸ್ವಿಚ್ಚನ್ನು ನಾನು ಮತ್ತೆ ನೋಡಿ ಬರುತ್ತಿದ್ದೇನೆ ಎಂದು ಈ ಮುಖಕ್ಕೆ ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡು ಚಹಾ ಮಾಡಲು ಕೆಳಗಿಳಿದೆ.

ನಾಲ್ಕು ಗಂಟೆಗೆ ಫೋನು ಬಂತು. ಐವರ್.

"ಎಲ್ಲಿದಾನಮ್ಮಾ ನಿಮ್ಮಪ್ಪ? ಡಾಮಿನೋ ಹಾಕ್ಕೊಂಡು ಕಾಯ್ತಿದೀವಿ."

ನಾನು ಮಾತನ್ನು ಅಳೆದು ಆಡುವವಳು. ಸುಳ್ಳೂ ಆಗಬಾರದು, ಅಪ್ಪನನ್ನು ನಗೆಪಾಟಲಿಗೂ ಈಡುಮಾಡಬಾರದು. "ಇವತ್ತು ಬರಲ್ಲ ಐವರ್. ದೀಪದ ಕೋಣೆ ಮುಂದೆ ಕೂತಿದಾರೆ. ಒಬ್ಬ ಇನ್ನೂ ಮೇಲೆ ಬಂದಿಲ್ಲ."

ಆ ಕಡೆ ಡಾಮಿನೋ ಸದ್ದು ನಿಂತಿತು.

"ಎಷ್ಟನೇ ನಂಬರು?"

"ಹದಿನೇಳು."

"ಬಂದ್ವಿ."

ಕಾಲು ಗಂಟೆಯಲ್ಲಿ ಐವರ್‌ನ ಹಿಂದೆ ಒಂಬತ್ತು ಜನ ಬಂದರು. ಬಾಗಿಲಲ್ಲಿ ಬೂಟು ಒರೆಸಿಕೊಂಡು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ನನ್ನ ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ನಿಂತರು. ಅದು ಮಾದರಿ ಎಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹೇಡನ್ ಪ್ಯೂ ಬಿಲ್ಲೆಗಾಗಿ ಕಾಯುತ್ತಿರುವಾಗ ಡಾಮಿನೋ ಆಡುವುದು ಸರಿ ಕಾಣುವುದಿಲ್ಲ. ಐವರ್ ಮೇಲೆ ಹೋಗಿ, ಮೇಜಿಗೆ ಬಗ್ಗಿ, ಖಾಲಿ ಜಾಗವನ್ನು ನೋಡಿ ಬಂದ.

"ಗೋಡೆ ಪಕ್ಕದೋನು," ಎಂದು ಮೆಟ್ಟಿಲಿಗೆ ವರದಿ ಒಪ್ಪಿಸಿದ. ಮೆಟ್ಟಿಲು ತಲೆಯಾಡಿಸಿತು.

ಪಕ್ಕದ ಮನೆಯ ಮಿಸೆಸ್ ಬೇನನ್‌ಗೆ ಮಾತ್ರ ಏನೂ ಗೊತ್ತಿರಲಿಲ್ಲ. ಆಕೆ ಕಿಟಕಿಯಿಂದ ಕಂಡದ್ದು ಇಷ್ಟು: ಹತ್ತು ಮುದುಕರು ಬರಿತಲೆಯಲ್ಲಿ ನೆಸ್ಟಾ ಮನೆಗೆ ಹೋದರು, ಯಾರೂ ಹೊರಗೆ ಬರಲಿಲ್ಲ. ನಮ್ಮ ಕಣಿವೆಯಲ್ಲಿ ಗಂಡಸರು ಟೋಪಿ ತೆಗೆದು ಒಂದು ಬಾಗಿಲಲ್ಲಿ ಸೇರಿದರೆ ಯಾರೋ ನೆಲದಡಿ ಸಿಕ್ಕಿಕೊಂಡಿದ್ದಾರೆಂದೇ ಅರ್ಥ; ಹೆಂಗಸರು ಏನು ಎತ್ತ ಎಂದು ಕೇಳುವುದಿಲ್ಲ. ನೀರು ಕಾಯಿಸಲು ಇಡುತ್ತಾರೆ. ಆಕೆ ಕಾಯಿಸಲು ಇಟ್ಟರು. ಮೂವತ್ತು ಸ್ಯಾಂಡ್‌ವಿಚ್ಚು ಮಾಡಿದರು. ನಡುವೆ ಕೈ ಒರೆಸಿಕೊಂಡು ತುರ್ತು ನಂಬರಿಗೆ ಫೋನು ಮಾಡಿ, ಹದಿನಾಲ್ಕನೇ ಮನೆಯಲ್ಲಿ ಒಬ್ಬ ನೆಲದೊಳಗೆ ಹೋಗಿದ್ದಾನೆ ಎಂದರು. ಎರಡು ವರ್ಷದ ಹಿಂದೆ ಪ್ರಾರ್ಥನಾ ಮಂದಿರದ ಹಿತ್ತಿಲಲ್ಲಿ ಹಳೇ ಸುರಂಗ ಕುಸಿದು ಪಾದ್ರಿಗಳ ಟೊಮೆಟೊ ಮನೆ ಗಾಜು ಸಮೇತ ಒಳಗೆ ಹೋಗಿತ್ತು, ಆದ್ದರಿಂದ ಅದರಲ್ಲಿ ನಂಬಲಾಗದ್ದೇನೂ ಇರಲಿಲ್ಲ.

ದೊಡ್ಡ ಚಹಾ ಪಾತ್ರೆಯನ್ನು ಎದೆಗವಚಿಕೊಂಡು ಬಂದು ನನ್ನ ಭುಜ ಹಿಡಿದರು. "ಯಾರು ಕಣೇ ನೆಸ್ಟಾ?"

"ಹದಿನೇಳನೇ ನಂಬರು. ಆದ್ರೆ ಮಿಸೆಸ್ ಬೇನನ್—"

"ಹೆಂಡ್ತಿಗೆ ಹೇಳಿದ್ರಾ?"

"ಹೆಂಡ್ತಿ ಇಲ್ಲ. ಅವನು ಇಷ್ಟೇ ಇದಾನೆ." ಬೆರಳಲ್ಲಿ ತೋರಿಸಿದೆ.

"ಇಷ್ಟೇ ಇಷ್ಟು ಸಂದಿಯಲ್ಲಿ ಸಿಕ್ಕಿಹಾಕ್ಕೊಂಡಿದಾನಾ?" ಎಂದು ಆಕೆ ಗೋಡೆಗೆ ಒರಗಿದರು. ಕೊನೆಗೆ ಕೈಹಿಡಿದು ಮೇಲಕ್ಕೆ ಕರೆದೊಯ್ದು ತೋರಿಸಬೇಕಾಯಿತು. ಆಕೆ ಮಾದರಿಯನ್ನು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಮಾದರಿಯನ್ನು ನೋಡಿದರು.

"ಇದಕ್ಕೆ ನಾನು ಮೂವತ್ತು ಸ್ಯಾಂಡ್‌ವಿಚ್ ಮಾಡಿದ್ನಾ?"

"ಹ್ಯಾಮ್ ಇದೆಯಾ?" ಮೆಟ್ಟಿಲಿಂದ ಐವರ್ ಕೇಳಿದ.

"ಇದೆ."

"ಹಾಗಿದ್ರೆ ವ್ಯರ್ಥ ಆಗಲ್ಲ."

ಹಳೇ ಗಣಿಗಳ ಕಚೇರಿಯ ಮಿಸ್ಟರ್ ಕ್ರೌದರ್ ಬಂದಾಗ ಮೆಟ್ಟಿಲ ಮೇಲೆ ಎಲ್ಲರ ಬಾಯಲ್ಲೂ ಹ್ಯಾಮ್ ಇತ್ತು. ಹಳದಿ ಕೋಟು, ಹೆಲ್ಮೆಟ್ಟು, ವಿಷಗಾಳಿ ಅಳೆಯುವ ಪೆಟ್ಟಿಗೆ, ಒಂದು ಫಾರಂ. ಬೇರೆ ಊರಿನವರು, ಅವಸರದಲ್ಲಿದ್ದರು. ಮಹಡಿ ಹತ್ತುತ್ತಲೇ, ನೆಲದೊಳಗೆ ಹೋದವನನ್ನು ಹುಡುಕಲು ಯಾಕೆ ಮೇಲೆ ಹತ್ತಬೇಕು ಎಂದು ಯೋಚಿಸದೆ, ಬಾಗಿಲಲ್ಲೇ ಪೆನ್ನು ತೆಗೆದರು.

"ಕೆಳಗೆ ಎಷ್ಟು ಜನ?"

"ಒಬ್ಬ," ಎಂದರು ಅಪ್ಪ, ಹಲಗೆಯಿಂದ ಕಣ್ಣು ತೆಗೆಯದೆ.

"ನೀವು ಯಾರು?"

"ದೀಪದವನು."

ಕ್ರೌದರ್ ಗೌರವದಿಂದ ಬರೆದುಕೊಂಡರು. "ಹೆಸರು?"

"ಹೆಸರಿಲ್ಲ. ಹದಿನೇಳು."

"ಕೊನೇ ಸಲ ನೋಡಿದ್ದು ಯಾರು?"

"ನಾನು," ಎಂದ ಎಲ್ವಿನ್. "ನಿನ್ನೆ ರಾತ್ರಿ ಹತ್ತೂವರೆಗೆ. ಗೋಡೆಗೆ ಒರಗಿದ್ದ."

"ಕುಡಿದಿದ್ನಾ?"

"ಇಲ್ಲ ಸಾರ್. ನಾನೇ ಒರಗಿಸಿದ್ದು."

ಪೆನ್ನು ನಿಧಾನವಾಯಿತು. "ಎತ್ತರ?"

"ಇಂಚಿಗೆ ಸ್ವಲ್ಪ ಕಮ್ಮಿ."

"ವಯಸ್ಸು?"

"ಹದಿನಾಲ್ಕು ತಿಂಗಳು ಆಗ್ಬಹುದು. ಬಣ್ಣ ಒಣಗಿದಾಗಿನಿಂದ ಲೆಕ್ಕ ಹಾಕಿದ್ರೆ ಹದಿಮೂರು."

ಮಿಸ್ಟರ್ ಕ್ರೌದರ್ ತಲೆಯೆತ್ತಿದರು. ಕೋಣೆಯಲ್ಲಿ ಬೆಟ್ಟವಿದೆಯೆಂಬುದು ಅವರ ಗಮನಕ್ಕೆ ಬಂತು. ಹೆಲ್ಮೆಟ್ಟು ತೆಗೆದು ಮೆಟ್ಟಿಲ ಮೇಲೆ ಐವರ್ ಪಕ್ಕದಲ್ಲಿ ಕೂತರು. ಮಿಸೆಸ್ ಬೇನನ್ ಮಾತಿಲ್ಲದೆ ಒಂದು ಸ್ಯಾಂಡ್‌ವಿಚ್ಚು ಕೊಟ್ಟರು. ಅವರು ಮಾತಿಲ್ಲದೆ ತಿಂದರು.

"ಈಗ ಏನ್ಮಾಡೋದು?" ನಾನು ಕೇಳಿದೆ.

"ಫಾರಂಗೆ ನಂಬರು ಬಿದ್ದಾಗಿದೆ, ಮೇಡಂ. ಇದನ್ನ ಮುಚ್ಚೋಕೆ ಎರಡೇ ಕಾಲಂ. 'ಸಿಕ್ಕಿದ', ಇಲ್ಲಾ 'ಸಿಕ್ಕಲಿಲ್ಲ'. 'ಪ್ಲಾಸ್ಟಿಕ್' ಅಂತ ಕಾಲಂ ಇಲ್ಲ."

"ಸಿಕ್ಕಲಿಲ್ಲ ಅಂತ ಬರೀರಿ."

"ಬರೆದ್ರೆ ಬೆಳಿಗ್ಗೆ ಎಂಟಕ್ಕೆ ರಸ್ತೆ ಮುಚ್ಬೇಕು. ಎರಡೂ ಪಕ್ಕದ ಹನ್ನೆರಡು ಮನೆ ಖಾಲಿ ಮಾಡಿಸ್ಬೇಕು."

"ಹಾಗಾದ್ರೆ ಸಿಕ್ಕಿದ ಅಂತ ಬರೀರಿ."

"ಸಿಕ್ಕಿದ ಅಂತ ಸ್ಥಳದ ಜವಾಬ್ದಾರಿ ಇರೋರು ಹೇಳ್ಬೇಕು." ಅವರು ಬಾಗಿಲಿನೊಳಗೆ ಕಣ್ಣು ಹಾಯಿಸಿದರು. "ಸ್ಥಳದ ಜವಾಬ್ದಾರಿ ಯಾರ್ದು?"

ಮೆಟ್ಟಿಲ ಮೇಲಿದ್ದ ಹತ್ತೂ ಜನ ಒಟ್ಟಿಗೆ ಅಪ್ಪನ ಬೆನ್ನನ್ನು ನೋಡಿದರು.

ಮಿಸೆಸ್ ಬೇನನ್ ಪಕ್ಕದ ಗೋಡೆಯ ಕಡೆ ತಿರುಗಿದರು. ಅದರಾಚೆ ಆಕೆಯ ಮನೆ, ಹದಿನಾರನೆಯದು; ನಮ್ಮ ಸಾಲಿನಲ್ಲಿ ಬರೀ ಸಮಸಂಖ್ಯೆ. ಹೋದ ವಾರವಷ್ಟೇ ಹೊಸ ಕಾರ್ಪೆಟ್ಟು ಹಾಕಿಸಿದ್ದರು.

ಆಗ ಎಲ್ವಿನ್ ತನ್ನ ಮಟ್ಟಿಗೆ ಒಳ್ಳೆಯದೆನಿಸಿದ ಒಂದು ಮಾತು ಆಡಿದ. "ಮಿಸ್ಟರ್ ಪ್ಯೂ, ಡಬ್ಬಿಯಲ್ಲಿ ಇನ್ನೂ ಒಂದಿಬ್ಬರು ಖಾಲಿ ಇದಾರೆ. ಬಣ್ಣ ಹಚ್ಚಿ ನಿಲ್ಸಿದ್ರೆ ಗಂಟೆಯೊಳಗೆ ನಲವತ್ತು—"

ಯಾರೋ ಸ್ಯಾಂಡ್‌ವಿಚ್ಚು ಅಗಿಯುವುದನ್ನು ನಿಲ್ಲಿಸಿದರು. ಅಪ್ಪ ತಿರುಗಿ ನೋಡಲಿಲ್ಲ.

"ನೋಡು ನೆಸ್ಟಾ. ಇದಕ್ಕೇ ಹೇಳೋದು ಗುಮಾಸ್ತರ ಲೆಕ್ಕ ಅಂತ. ನಲವತ್ತು ಬೇಕಾ, ನಲವತ್ತು ತುಂಬಿಸು."

ಐವರ್ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ನಾಳೆ ಮೀಟಿಂಗಿಗೆ ಇದನ್ನ ತರಲ್ಲಮ್ಮ ನಾನು. ಹೇಡನ್ ಇನ್ನು ಒಪ್ಪಲ್ಲ. ಹುಡುಗನಿಗೆ ನೀನೇ ಹೇಳು." ಹುಡುಗನೆಂದರೆ ಐವತ್ತೆಂಟರ ಎಲ್ವಿನ್. ಹೇಳುವ ಅಗತ್ಯವಿರಲಿಲ್ಲ, ಅವನು ಬಾಗಿಲಲ್ಲಿ ನೋಟ್‌ಬುಕ್ಕು ಹಿಡಿದು ನಿಂತೇ ಇದ್ದ.

ಎಲ್ಲರೂ ಮನೆಗೆ ಹೋದರು. ಮಿಸ್ಟರ್ ಕ್ರೌದರ್ ಫಾರಂ ಸಮೇತ ತಮ್ಮ ಕಾರಿನಲ್ಲೇ ಮಲಗಿದರು. ಎಲ್ವಿನ್ ಕೆಳಗಿಳಿದು ಅಡುಗೆಮನೆಯ ಸ್ಟೂಲನ್ನು ಹೊತ್ತು ತಂದು ಅಪ್ಪನ ಪಕ್ಕದಲ್ಲಿ ಹಾಕಿ ಕೂತ.

"ನೀನ್ಯಾಕೆ?" ಎಂದರು ಅಪ್ಪ. ನಾನು ಬಾಗಿಲಲ್ಲಿ ನಿಂತಲ್ಲೇ ನಿಂತೆ. ಮೂವತ್ತೊಂದು ವರ್ಷದಲ್ಲಿ ಅವರು ಅವನನ್ನು 'ನೀನು' ಎಂದು ಕೇಳಿದ ಮೊದಲ ಪ್ರಶ್ನೆ ಅದು.

"ಹದಿನೇಳರ ಸಂಬಳದ ಲಕೋಟೆ ಉಳಿದಿರುತ್ತೆ, ಮಿಸ್ಟರ್ ಪ್ಯೂ. ಅವನು ಬಂದು ತಗೊಳ್ಳೋವರೆಗೆ ನಾವೂ ಕಿಟಕಿ ಮುಚ್ಚೋ ಹಾಗಿರಲಿಲ್ಲ. ನೀವು ದೀಪದ ಕೋಣೇಲಿ ಕೂತಿರ್ತಿದ್ರಿ, ನಾನು ಎದುರುಗಡೆ ಕೂತಿರ್ತಿದ್ದೆ. ಪರದೆ ಇತ್ತಲ್ಲ, ನಿಮಗೆ ಕಾಣ್ತಿರಲಿಲ್ಲ."

ಅಪ್ಪ ತಮ್ಮ ತಟ್ಟೆಯಲ್ಲಿದ್ದ ಅರ್ಧ ಸ್ಯಾಂಡ್‌ವಿಚ್ಚನ್ನು ಅವನ ಕಡೆ ಸರಿಸಿದರು.

ನಾನು ಬೆಳಗಿನ ಐದಕ್ಕೆ ಎದ್ದೆ. ಮನೆ ತಣ್ಣಗಿತ್ತು. ಬಚ್ಚಲಮನೆಯ ಬಾಗಿಲ ಹಿಂದಿನ ನಿಲುವಂಗಿ ತೊಟ್ಟು ಕಿಟಕಿಗೆ ಮೊಣಕೈ ಊರಿದೆ. ಏನೋ ಚುಚ್ಚಿತು.

ಟೋಪಿ ಹಿಂದಕ್ಕೆ ಸರಿಸಿಕೊಂಡು, ಕಾಲಿಗೆ ಹತ್ತಿದ್ದ ಗೋಂದಿನಿಂದ ನನ್ನ ತೋಳಿನ ಉಣ್ಣೆಗೆ ಭದ್ರವಾಗಿ ಅಂಟಿಕೊಂಡು, ಹದಿನೇಳನೆಯವನು ಒಂದು ಹಗಲು ಎರಡು ರಾತ್ರಿ ಸುಖವಾಗಿ ಒರಗಿ ನಿಂತಿದ್ದ. ನಾನು ಹುಟ್ಟಿದ ರಾತ್ರಿ ಕುದುರೆ ಲಾಯದಲ್ಲಿ ನಿದ್ದೆ ಹೊಡೆದವನ ಮೇಲೆ ಅಮ್ಮನಿಗೆ ಎಷ್ಟು ಸಿಟ್ಟಿತ್ತೆಂದು ನನಗೆ ಅರ್ಥವಾಯಿತು. ಕಿತ್ತೆ. ಒಂದಿಷ್ಟು ಉಣ್ಣೆಯೂ ಜತೆಗೆ ಬಂತು.

ಮೇಲೆ ಎಲ್ವಿನ್ ಸ್ಟೂಲಿನ ಮೇಲೆ ಕೂತು, ಬೆಟ್ಟಕ್ಕೆ ತಲೆಯಿಟ್ಟು ಮಲಗಿದ್ದ. ಅಪ್ಪನ ಕಣ್ಣು ಮುಚ್ಚಿತ್ತು, ಬಾಯಿ ಚೂರು ತೆರೆದಿತ್ತು. ಉಸಿರು ಬಿಗಿಹಿಡಿದು ಆಳನ್ನು ಗೋಡೆಯ ಪಕ್ಕ ನಿಲ್ಲಿಸಿದೆ. ನಿಲ್ಲಿಸಿದೆನೆಂದು ಸುಮ್ಮನೆ ಬರುವ ಜಾಯಮಾನ ನನ್ನದಲ್ಲ. ಎಣಿಸಿದೆ.

ನಲವತ್ತೆರಡು.

ಮತ್ತೆ ಎಣಿಸಿದೆ. ನಲವತ್ತೆರಡು. ಒಬ್ಬ ಕಮ್ಮಿಯಾದದ್ದಕ್ಕೆ ಫಾರಂ ಬಂದಿತ್ತು. ಇಬ್ಬರು ಹೆಚ್ಚಾದರೆ ಏನು ಬರುತ್ತದೆ?

"ಇವನು ತೂಕಡಿಸ್ತಿದ್ದಾಗ ಬೇನನ್ ಬಂದ್ಳು, ಹತ್ತೂವರೆಗೆ," ಎಂದರು ಅಪ್ಪ, ಕಣ್ಣು ತೆರೆಯದೆ. "ನಿನ್ನ ಗುಮಾಸ್ತ ಎರಡು ಗಂಟೆಗೆ. ನೀನು ಈಗ."

"ನೀವು ಮಲಗಿದ್ರಲ್ಲ ಅಪ್ಪಾ."

"ದೀಪದವನು ಕಣ್ಣು ಮುಚ್ಬಹುದು ಮರಿ. ಮಲಗೋ ಹಾಗಿಲ್ಲ."

ಭೂತಗನ್ನಡಿ ತೆಗೆದು ಅಂಗಳಕ್ಕೆ ಬಗ್ಗಿದರು. ಎರಡು ಬೆರಳಲ್ಲಿ ಮೊದಲನೆಯವನನ್ನು ಎತ್ತಿದರು. ಅವನ ಕೈಯಲ್ಲಿ ಸೂಟ್‌ಕೇಸು. ಮಿಸೆಸ್ ಬೇನನ್ನರ ಮೊಮ್ಮಗಳ ಆಟದ ರೈಲಿನ ಜತೆ ಬಂದಿದ್ದ ಸ್ಟೇಷನ್ ಕೂಲಿ.

"ಗಣಿಗೆ ಸೂಟ್‌ಕೇಸ್ ತಂದಿದಾನೆ. ಪಾಪ, ಇಲ್ಲೇ ಉಳಿಯೋ ಅಂದಾಜು ಇತ್ತು."

ಎರಡನೆಯವನನ್ನು ಎತ್ತಿ ಮೂಸಿದರು. "ಬಣ್ಣ ಹಸಿ. ಬೂಟಿನ ಅಟ್ಟೆಗೂ ಮಸಿ ಹಚ್ಚಿದಾನೆ. ಅಟ್ಟೆ ಯಾರು ನೋಡ್ತಾರೆ?" ಬಹಳ ಹೊತ್ತು ಅಟ್ಟೆಯನ್ನೇ ನೋಡಿದರು. "ಒಳ್ಳೇ ಕೆಲಸ."

ಇಬ್ಬರನ್ನೂ ವೇಸ್ಟ್‌ಕೋಟಿನ ಜೇಬಿಗೆ ಇಳಿಸಿದರು. ಮೂರನೆಯವನು ಗೋಡೆಗೆ ಒರಗಿದ್ದ. ಅವನ ಕಾಲಿನಿಂದ ಒಂದು ಎಳೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ಗುಲಾಬಿ. ಆಮೇಲೆ ನನ್ನ ನಿಲುವಂಗಿಯನ್ನು, ಅದರ ಮೊಣಕೈಯಲ್ಲಿ ಬೋಳಾಗಿದ್ದ ಜಾಗವನ್ನು, ಮುಖ ನೋಡದೆ, ನೋಡಿದರು. ಎಳೆಯನ್ನೂ ಅದೇ ಜೇಬಿಗೆ ಹಾಕಿಕೊಂಡರು. ಹಿತ್ತಾಳೆಯ ಚೂರನ್ನು, ಅವನ ದೀಪವನ್ನು, ಆಳಿನ ಕೈಗೆ ಅಂಟಿಸಿದರು.

ಏನಾದರೂ ಕೇಳುತ್ತಾರೆಂದು ಕಾದೆ. "ಹೋಗಿ ಬಾಗಿಲು ತೆಗಿ," ಎಂದರು. "ಐವರ್ ಆಗಲೇ ಬಂದು ನಿಂತಿರ್ತಾನೆ."

ನಿಂತಿದ್ದ. ಹಿಂದೆ ಮಿಸೆಸ್ ಬೇನನ್, ತಲೆಗೆ ಸುರುಳಿ ಸುತ್ತಿಕೊಂಡೇ. ಕಾರಿನಿಂದ ಕ್ರೌದರ್ ಕತ್ತು ನೀವಿಕೊಳ್ಳುತ್ತ ಇಳಿದರು. ಎಲ್ಲರೂ ಮೇಲೆ ಬಂದಾಗ ಎಲ್ವಿನ್ ಎದ್ದು ಕೂತಿದ್ದ, ಕೆನ್ನೆಯ ತುಂಬ ಚಹಾ ಸೊಪ್ಪು. ಅಪ್ಪ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು.

"ನಲವತ್ತು," ಎಂದರು. "ಎಲ್ಲಾ ಮೇಲೆ ಬಂದ್ರು."

ಮಿಸ್ಟರ್ ಕ್ರೌದರ್ 'ಸಿಕ್ಕಿದ' ಎಂಬ ಕಾಲಮ್ಮಿಗೆ ಗೀಟು ಹಾಕಿ, ಆಳಿನ ಸ್ಥಿತಿ ಎಂಬಲ್ಲಿ ಸ್ವಲ್ಪ ಯೋಚಿಸಿ, 'ಒರಗಿದ್ದಾನೆ' ಎಂದು ಬರೆದರು. ಮಿಸೆಸ್ ಬೇನನ್ ಕಾರ್ಪೆಟ್ಟಿನ ಕಡೆ, ಅಂದರೆ ಗೋಡೆಯ ಕಡೆ, ನೋಡಿ ಕಣ್ಣು ಮುಚ್ಚಿದರು. ಎಲ್ವಿನ್ ತನ್ನ ಬೂಟುಗಳನ್ನು ನೋಡುತ್ತಿದ್ದ.

"ಮಾದರಿ ಹೇಗಿದೆ ಹೇಡನ್?" ಐವರ್ ಟೋಪಿ ತಿರುಗಿಸುತ್ತ ಕೇಳಿದ.

"ಇದ್ದಲು ಕದ್ದಿದ್ದು. ಬಟ್ಟೆ ಕೊಳೆ. ಹಲಗೆ ಸರಿಯಿದೆ. ಎಲ್ಲರೂ ಸಂಬಳದ ಕಿಟಕಿ ಕಡೆ ನೋಡೋದು ಅತಿಯಾಯ್ತು."

"ಅಂದ್ರೆ?"

"ಅಂದ್ರೆ ಏನು, ಗಾಜಿಗೆ ಅಳತೆ ತಗೋ. ಎಲ್ವಿನ್, ಚಹಾ ಇಡಪ್ಪ. ಗಂಟಲು ಒಣಗಿದೆ."

ಎಲ್ವಿನ್ ಹಿಂದೆ ತಿರುಗಿ ನೋಡಿದ, ಆ ಹೆಸರಿನವನು ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಇಟ್ಟ.

ಎಲ್ಲರೂ ಹೋದ ಮೇಲೆ ಮಿಸೆಸ್ ಬೇನನ್ ಹಿತ್ತಿಲ ಗೋಡೆಯ ಮೇಲಿಂದ ತಲೆ ಹಾಕಿದರು. "ನಿಮ್ಮಪ್ಪನಿಗೆ ವಯಸ್ಸಾಯ್ತು ಕಣೇ, ಕಣ್ಣು ಅಷ್ಟು ಕಾಣಲ್ಲ. ಒಂದೊಂದ್ಸಲ ಅದೂ ಒಳ್ಳೇದೇ," ಎಂದು, ಇನ್ನೇನೋ ಹೇಳಬೇಕೆಂದಿದ್ದು, ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದರು. ಎಲ್ವಿನ್ ತಟ್ಟೆ ಒರೆಸುತ್ತ, "ನೆಸ್ಟಾ, ನಿನ್ನೆ ರಾತ್ರಿ ಎರಡು ಗಂಟೆಗೆ ನಾನು..." ಎಂದು ಶುರುಮಾಡಿದ. ಕಣ್ಣು ಹೊಳೆಯುತ್ತಿತ್ತು. "ಏನಿಲ್ಲ ಬಿಡು," ಎಂದ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ, ಸಣ್ಣಗೆ ಸಿಳ್ಳೆ ಹಾಕುತ್ತ. ಕೂಮ್‌ಗಾರನ್ನಿನಲ್ಲಿ ಅಂದು ಬೆಳಿಗ್ಗೆ ಲೇಡಿ ಆಡ್ರಿಯನ್ನು ಕಾಪಾಡಿದ್ದು ತಾವೊಬ್ಬರೇ ಎಂದುಕೊಂಡವರು ಇಬ್ಬರಿದ್ದರು.

ಸೋಮವಾರ ಒಗೆಯುವ ದಿನ. ನಿಲುವಂಗಿಯನ್ನು ಒಗೆದು ಮುಂದಿನ ಹಗ್ಗದ ಮೇಲೆ ಹರವಿದೆ. ಹನ್ನೊಂದರ ಹೊತ್ತಿಗೆ ಅಪ್ಪ, ಮೀಟಿಂಗಿಗೆಂದು ಹೊಸ ಟೋಪಿ ಹಾಕಿಕೊಂಡು, ನಮ್ಮ ಗೇಟಿನ ಮುಂದೆ ಹಾದುಹೋದರು. ನಡೆಯುತ್ತಿದ್ದವರು ನಿಂತರು. ಗಾಳಿಗೆ ಆಡುತ್ತಿದ್ದ ಗುಲಾಬಿ ತೋಳಿನತ್ತ ನೋಡಿ, ಟೋಪಿಯನ್ನು ಒಂದಿಷ್ಟು ಮೇಲೆತ್ತಿ, ಮತ್ತೆ ನಡೆದರು.

"ಅಪ್ಪ ಯಾರಿಗೆ ಟೋಪಿ ಎತ್ತಿದ್ರು?" ಕಿಟಕಿಯಿಂದ ಎಲ್ವಿನ್ ಕೇಳಿದ. ಅವನ ಬಾಯಲ್ಲಿ ಮಿಸ್ಟರ್ ಪ್ಯೂ ಅಪ್ಪ ಆಗಿದ್ದರು.

ಈಗ ಹೇಳಿಬಿಟ್ಟರೆ ಎಲ್ಲ ಹೇಳಬೇಕು: ಸ್ವಿಚ್ಚು, ಮೊಣಕೈ, ಟಿಕ್, ಮತ್ತು ಆ ಜೇಬಿನಲ್ಲಿ ಅಟ್ಟೆಗೂ ಮಸಿ ಹಚ್ಚಿಕೊಂಡು ಮಲಗಿರುವವನ ವಿಷಯ.

"ಗಾಳಿ ಜೋರಾಗಿತ್ತು. ಹಿಡ್ಕೊಂಡ್ರು ಅಷ್ಟೇ," ಎಂದೆ. ಹೇಳಿದ ಮೇಲೆ ಒಮ್ಮೆ ಸುತ್ತಲೂ ನೋಡಿ, ಈ ವಿಷಯವನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಹಗ್ಗದ ಕ್ಲಿಪ್ಪು ಸರಿಯಾಗಿ ಕಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿದೆ.